ಡಿಫೆನ್ಸ್ ಹೊಸದಾಗಿ ಕಟ್ಟಲು ಮೊದಲ ದುಡ್ಡು ಎಲ್ಲಿ ಹಾಕಬೇಕು?

ಪ್ರಶ್ನೆ:
ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ನೋಡುವವರು ದಯವಿಟ್ಟು ಹೇಳಿ. ಕಳೆದ ಸೀಸನ್‌ನಲ್ಲಿ ನಮ್ಮ ಟೀಮಿನ ಡಿಫೆನ್ಸ್ ಪೂರ್ತಿ ಕೈಕೊಟ್ಟಿತು. ಥರ್ಡ್ ಡೌನ್‌ನಲ್ಲಿ (ಮೂರನೇ ಯತ್ನದಲ್ಲಿ) ಹನ್ನೆರಡು ಯಾರ್ಡ್ ಬೇಕಿದ್ದರೂ ಎದುರಾಳಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವ) ಆರಾಮಾಗಿ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಆಮೇಲೆ ಚೆಂಡು ಎಸೆಯುತ್ತಿದ್ದ. ಹೊಟ್ಟೆ ಉರಿಯುತ್ತಿತ್ತು. ಮಾರ್ಚ್‌ನಲ್ಲಿ ಫ್ರೀ ಏಜೆನ್ಸಿ (ಒಪ್ಪಂದ ಮುಗಿದ ಆಟಗಾರರನ್ನು ತರುವ ಸಮಯ), ಏಪ್ರಿಲ್ ಕೊನೆಗೆ ಡ್ರಾಫ್ಟ್ (ಕಾಲೇಜಿನಿಂದ ಬರುವ ಹೊಸ ಆಟಗಾರರ ಆಯ್ಕೆ). ಸ್ಯಾಲರಿ ಕ್ಯಾಪ್ (ಆಟಗಾರರ ಒಟ್ಟು ಸಂಬಳಕ್ಕೆ ಮಿತಿ) ಇರುವುದರಿಂದ ಎಲ್ಲ ಜಾಗಕ್ಕೂ ದೊಡ್ಡ ಆಟಗಾರರನ್ನು ತರಲು ಆಗುವುದಿಲ್ಲ. ಮೊದಲು ಪಾಸ್ ರಶ್ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಮುಂದಿನ ಸಾಲು) ಸರಿಮಾಡಬೇಕಾ, ಚೆಂಡು ಹಿಡಿಯುವ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಬ್ಯಾಕ್‌ಗಳನ್ನಾ? ನನಗೆ ಕಾರ್ನರ್ ಮೊದಲು ಅನಿಸುತ್ತದೆ.

ಉತ್ತರ 1:
ಪಾಸ್ ರಶ್, ಎರಡು ಮಾತಿಲ್ಲ. ಕ್ವಾರ್ಟರ್‌ಬ್ಯಾಕ್ ಆರಾಮಾಗಿ ನಿಂತಿದ್ದ ಅಂತ ನೀವೇ ಬರೆದಿದ್ದೀರಲ್ಲ. ಅಷ್ಟು ಹೊತ್ತು ಬಿಟ್ಟರೆ ಎಂಥ ಕಾರ್ನರ್ ಆದರೂ ರಿಸೀವರ್ ಹಿಂದೆ ಎಲ್ಲಿಯವರೆಗೆ ಓಡುತ್ತಾನೆ? ಡೆನ್ವರ್ ಬ್ರಾಂಕೋಸ್ ನೋಡಿ. 2014ರ ಫೆಬ್ರವರಿಯಲ್ಲಿ ಸಿಯಾಟಲ್ ಎದುರು ಸೂಪರ್ ಬೌಲ್‌ನಲ್ಲಿ (ಲೀಗ್‌ನ ಫೈನಲ್‌ನಲ್ಲಿ) 43-8ರಿಂದ ಸೋತರು. ಮರುತಿಂಗಳೇ ಡಿಮಾರ್ಕಸ್ ವೇರ್, ಅಕೀಬ್ ತಲೀಬ್, ಟಿ.ಜೆ. ವಾರ್ಡ್ ಮೂವರನ್ನೂ ತಂದರು. ಒಂದು ಕಡೆಯಿಂದ ವೇರ್, ಇನ್ನೊಂದು ಕಡೆಯಿಂದ ವಾನ್ ಮಿಲ್ಲರ್ ನುಗ್ಗಿದರೆ ಯಾರಿಗೆ ತಾನೇ ಉಸಿರಾಡಲು ಆಗುತ್ತದೆ. 2015ರ ಸೀಸನ್‌ನ ಸೂಪರ್ ಬೌಲ್ 50ರಲ್ಲಿ ಮಿಲ್ಲರ್ ಎರಡು ಸಲ ಎದುರಾಳಿ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ನ್ಯೂಟನ್ ಕೈಯಿಂದ ಚೆಂಡು ಬೀಳಿಸಿದ, ಮೊದಲನೆಯದು ಮೈದಾನದ ತುದಿಯ ಎಂಡ್ ಝೋನ್‌ನಲ್ಲಿ ಡೆನ್ವರ್‌ನವನೇ ಆದ ಮಲಿಕ್ ಜಾಕ್ಸನ್ ಕೈಗೆ ಸಿಕ್ಕಿ ನೇರ ಟಚ್‌ಡೌನ್. 24-10ರಿಂದ ಗೆದ್ದರು.

ಉತ್ತರ 2:
ಆದರೆ ಆ ಮೂವರಲ್ಲಿ ಇಬ್ಬರು ಹಿಂದಿನ ಸಾಲಿನವರೇ ಅಲ್ವಾ? ತಲೀಬ್ ಕಾರ್ನರ್, ವಾರ್ಡ್ ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಂತು ಕಾಯುವವ). ಆ ವರ್ಷದ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೂ ಬ್ರಾಡ್ಲಿ ರೋಬಿ ಅನ್ನುವ ಕಾರ್ನರನ್ನೇ ಆರಿಸಿದರು. ಇಷ್ಟೆಲ್ಲ ಇದ್ದರೂ ಸೂಪರ್ ಬೌಲ್ ಬಂದದ್ದು 2015ರಲ್ಲಿ ವೇಡ್ ಫಿಲಿಪ್ಸ್ ಕೋಆರ್ಡಿನೇಟರ್ (ಡಿಫೆನ್ಸ್ ನಡೆಸುವ ಕೋಚ್) ಆದ ಮೇಲೆ.

ನನ್ನ ಪ್ರಕಾರ ಮೊದಲು ಕೋಆರ್ಡಿನೇಟರ್. ಕೋಚ್ ಸಂಬಳ ಸ್ಯಾಲರಿ ಕ್ಯಾಪ್‌ಗೆ ಸೇರುವುದೇ ಇಲ್ಲ, ಅಲ್ಲಿ ಕೈಬಿಗಿ ಹಿಡಿಯುವುದರಲ್ಲಿ ಅರ್ಥವಿಲ್ಲ. ಫಿಲಡೆಲ್ಫಿಯಾ ಈಗಲ್ಸ್ 2023ರಲ್ಲಿ 10-1 ಇದ್ದವರು ಕೊನೆಯ ಆರರಲ್ಲಿ ಐದು ಸೋತು, ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ ಎದುರು 32-9ರಿಂದ ಮನೆಗೆ ಹೋದರು. ಆಮೇಲೆ ಕೋಆರ್ಡಿನೇಟರ್ ಆಗಿ ವಿಕ್ ಫ್ಯಾಂಜಿಯೋ ಬಂದರು. ನ್ಯೂ ಆರ್ಲಿಯನ್ಸ್‌ನಲ್ಲಿ ಸಾಲಿನ ಅಂಚಿನಿಂದ ಆಡುತ್ತಿದ್ದ, ಹೆಚ್ಚಾಗಿ ಸ್ಪೆಷಲ್ ಟೀಮ್ಸ್‌ನಲ್ಲೇ (ಚೆಂಡು ಒದೆಯುವ ಆಟಗಳ ತಂಡದಲ್ಲೇ) ಇದ್ದ ಝ್ಯಾಕ್ ಬಾನ್‌ನನ್ನು 35 ಲಕ್ಷ ಡಾಲರ್‌ಗೆ ಒಂದು ವರ್ಷಕ್ಕೆ ತಂದು ಒಳಗಿನ ಲೈನ್‌ಬ್ಯಾಕರ್ (ಮುಂದಿನ ಸಾಲಿನ ಹಿಂದೆ, ನಡುವೆ ನಿಲ್ಲುವವ) ಮಾಡಿದರು. ಅದೇ ಸೀಸನ್‌ನಲ್ಲಿ ಅವನು ಆಲ್-ಪ್ರೋ (ಲೀಗ್‌ನ ವರ್ಷದ ಶ್ರೇಷ್ಠರ ತಂಡ)! ಆ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಒಂದೇ ಒಂದು ಬ್ಲಿಟ್ಜ್ (ಹೆಚ್ಚಿನ ಜನರನ್ನು ನುಗ್ಗಿಸುವುದು) ಕಳಿಸದೆ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನನ್ನು ಆರು ಸಲ ಕೆಡವಿದರು. ಮುಂದಿನ ನಾಲ್ವರೇ ಸಾಕಾದರು, ಉಳಿದ ಏಳು ಜನ ಹಿಂದೆ ಕವರೇಜ್‌ಗೆ (ರಿಸೀವರ್‌ಗಳನ್ನು ಕಾಯಲು).

ಉತ್ತರ 3:
ಒಂದು ಸೇರಿಸುತ್ತೇನೆ. ಇನ್ನೂ ಚಿಕ್ಕ ವಯಸ್ಸಿನ ಒಳ್ಳೆಯ ಪಾಸ್ ರಶರ್ ಮಾರ್ಚ್‌ನಲ್ಲಿ ಸಿಗುವುದೇ ಅಪರೂಪ. ಅವರ ಟೀಮೇ ಹೊಸ ಒಪ್ಪಂದ ಕೊಡುತ್ತೆ, ಇಲ್ಲ ಫ್ರಾಂಚೈಸ್ ಟ್ಯಾಗ್ (ಇನ್ನೊಂದು ವರ್ಷ ಬಿಡದೆ ಇಟ್ಟುಕೊಳ್ಳುವ ಹಕ್ಕು) ಹಾಕಿ ಹಿಡಿದಿಟ್ಟುಕೊಳ್ಳುತ್ತೆ. ವೇರ್ ಸಿಕ್ಕಿದ್ದು ಡಲ್ಲಾಸ್ ಬಿಟ್ಟುಕೊಟ್ಟಿದ್ದರಿಂದ, ಆಗ ಅವನಿಗೆ 31. ಡ್ರಾಫ್ಟ್ ಆದವನಾದರೆ ನಾಲ್ಕು ವರ್ಷ ಕಡಿಮೆ ಸಂಬಳಕ್ಕೆ ನಿಮ್ಮವನು. ಈಗಲ್ಸ್ 2024ರ ಮೊದಲ ಎರಡು ಸುತ್ತಿನಲ್ಲಿ ಕ್ವಿನ್ಯಾನ್ ಮಿಚೆಲ್, ಕೂಪರ್ ಡಿಜೀನ್ ಅನ್ನುವ ಇಬ್ಬರು ಡಿಫೆನ್ಸಿವ್ ಬ್ಯಾಕ್‌ಗಳನ್ನು ತೆಗೆದುಕೊಂಡು ಹಿಂದಿನ ಸಾಲನ್ನು ಅಗ್ಗದಲ್ಲಿ ಮುಗಿಸಿದರು.

ಪ್ರಶ್ನೆ ಕೇಳಿದವರು:
ಕೋಚ್ ಸಂಬಳ ಕ್ಯಾಪ್‌ನಿಂದ ಹೊರಗೆ ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಮಾರ್ಚ್‌ನ ದುಡ್ಡು ಮುಂದಿನ ಸಾಲಿಗೆ, ಡ್ರಾಫ್ಟ್‌ನಲ್ಲಿ ಕಾರ್ನರ್. ನಮ್ಮ ಬೆಂಚಿನಲ್ಲೂ ಬಾನ್ ಥರದವನು ಸುಮ್ನೆ ಕೂತಿದ್ದಾನಾ ಅಂತ ಹಳೇ ಪಂದ್ಯಗಳನ್ನು ಇನ್ನೊಮ್ಮೆ ಹಾಕಿ ನೋಡುತ್ತೇನೆ.