ಲಿವರ್‌ನಲ್ಲಿ ಕೀವು ಇದ್ದರೆ ಹಾರ್ಟ್ ಎಕೋ ಯಾಕೆ?

ಪ್ರಶ್ನೆ: ಮೇಡಂ, ನಮ್ಮ ತಂದೆಗೆ 61 ವರ್ಷ. ಅಪೆಂಡಿಕ್ಸ್ ಒಡೆದು ಆಪರೇಷನ್ ಆಯಿತು. ಆಮೇಲೂ ಚಳಿಜ್ವರ ಬಿಡಲಿಲ್ಲ. ಸ್ಕ್ಯಾನ್ ಮಾಡಿದಾಗ ಲಿವರ್‌ನಲ್ಲಿ ಕೀವು ಕಂಡಿತು. ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಮೊದಲ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಅಂದರು. ಎರಡನೇ ಸಲ ಕೀವಿನಲ್ಲೂ ರಕ್ತದಲ್ಲೂ ‘ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್’ ಬಂದಿದೆ. ಈಗ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿಸಿ ಅಂತಿದ್ದಾರೆ. ಹೊಟ್ಟೆ ಕಾಯಿಲೆಗೂ ಹಾರ್ಟಿಗೂ ಏನು ಸಂಬಂಧ? ಮೊದಲ ರಿಪೋರ್ಟ್ ತಪ್ಪಾ?

ಉತ್ತರ (ಮೈಕ್ರೋಬಯಾಲಜಿ ವೈದ್ಯೆ): ಈ ಬ್ಯಾಕ್ಟೀರಿಯಾ ದೊಡ್ಡ ಕರುಳಿನಲ್ಲಿ ಸಾಮಾನ್ಯವಾಗಿ ಇರುವಂಥದ್ದೇ. ಅಲ್ಲಿರುವವರೆಗೆ ತೊಂದರೆ ಇಲ್ಲ. ಅಪೆಂಡಿಕ್ಸ್ ಒಡೆದರೆ ಆಚೆ ಬರುತ್ತದೆ. ಕರುಳಿನ ರಕ್ತ ಮೊದಲು ಹೋಗುವುದು ಲಿವರ್‌ಗೆ, ಹಾಗಾಗಿ ಅಲ್ಲಿ ಕೀವು ಕಟ್ಟುತ್ತದೆ.

ಮೊದಲ ರಿಪೋರ್ಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಇಲ್ಲೇ ಗೊಂದಲ ಪಡುತ್ತಾರೆ. ಇದು ಅನೇರೋಬ್. ಆಕ್ಸಿಜನ್ ಇದ್ದರೆ ಬೆಳೆಯುವುದಿಲ್ಲ. ಕೀವನ್ನು ಬರೀ ಹತ್ತಿಕಡ್ಡಿಯಲ್ಲಿ ಒರೆಸಿ ಕಳಿಸಿದರೆ, ಲ್ಯಾಬ್ ತಲುಪಲು ತಡವಾದರೆ, ಅಥವಾ ಮೊದಲೇ ಆಂಟಿಬಯಾಟಿಕ್ ಶುರುವಾಗಿದ್ದರೆ ಏನೂ ಸಿಗದೇ ಹೋಗಬಹುದು. ಸಿರಿಂಜ್‌ನಲ್ಲಿ ಎಳೆದ ಕೀವನ್ನು ಗಾಳಿ ತಾಗದಂತೆ ಕಳಿಸಬೇಕು. ರಕ್ತವನ್ನೂ ಅನೇರೋಬಿಕ್ ಬಾಟಲಿಗೆ ಹಾಕಬೇಕು. ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಬ್ಯಾಕ್ಟೀರಿಯಾ ಕಂಡು ಕಲ್ಚರ್‌ನಲ್ಲಿ ಬೆಳೆಯದಿದ್ದರೆ ನಮಗೆ ಅನೇರೋಬ್ ಮೇಲೇ ಅನುಮಾನ. ‘ಬೆಳೆದಿಲ್ಲ’ ಅಂದರೆ ‘ಇಲ್ಲ’ ಅಂತ ಅಲ್ಲ.

ಇನ್ನು ಎಕೋ. ರಕ್ತದಲ್ಲಿ ಸಿಕ್ಕಿದೆ ಅಲ್ವಾ, ಅದಕ್ಕೇ. ಅನೇರೋಬ್‌ಗಳು ಹಾರ್ಟ್ ವಾಲ್ವ್‌ಗೆ ಅಂಟುವುದು ಅಪರೂಪ. ಆದರೆ ಅಂಟಿದರೆ ವಾಲ್ವ್ ಹಾಳು ಮಾಡುತ್ತವೆ, ಅಲ್ಲಿ ಬ್ಯಾಕ್ಟೀರಿಯಾ ಸೇರಿ ಕಟ್ಟಿದ ಗಡ್ಡೆಯ ಚೂರು ಕಿತ್ತು ಮೆದುಳಿಗೂ ಹೋಗಬಹುದು. ತಂದೆಗೆ ಮೊದಲಿಂದ ವಾಲ್ವ್ ತೊಂದರೆ ಇದ್ದರೆ ಅಥವಾ ಕೃತಕ ವಾಲ್ವ್ ಹಾಕಿಸಿದ್ದರೆ ಈಗಲೇ ಡಾಕ್ಟರಿಗೆ ಹೇಳಿ. ಎಕೋ ಖಂಡಿತ ಮಾಡಿಸಿ.

ಪ್ರಶ್ನೆ: ವಾಲ್ವ್ ತೊಂದರೆ ಇಲ್ಲ ಮೇಡಂ. ಟ್ಯೂಬ್ ಹಾಕಿ ಕೀವು ತೆಗೆದಿದ್ದಾರೆ, ಜ್ವರ ಇಳಿದಿದೆ. ಮೆಟ್ರೊನಿಡಜೋಲ್ ಆಂಟಿಬಯಾಟಿಕ್ ನಿಲ್ಲಿಸಬಹುದಾ? ಮನೆಯವರಿಗೆ ಅಂಟುತ್ತಾ?

ಉತ್ತರ: ಅಂಟುವುದಿಲ್ಲ, ಧೈರ್ಯವಾಗಿ ಜೊತೆಗಿರಿ. ಔಷಧಿ ಮಾತ್ರ ನೀವಾಗಿ ನಿಲ್ಲಿಸಬೇಡಿ. ಲಿವರ್ ಕೀವಿಗೆ ಸಾಮಾನ್ಯವಾಗಿ 4ರಿಂದ 6 ವಾರ ಔಷಧಿ ಬೇಕಾಗುತ್ತದೆ. ಸ್ಕ್ಯಾನ್ ನೋಡಿ ಡಾಕ್ಟರೇ ತೀರ್ಮಾನಿಸಲಿ. ಈ ಔಷಧಿ ತೆಗೆದುಕೊಳ್ಳುವಾಗ ಮದ್ಯ ಬೇಡ. ಕೈಕಾಲು ಜೋಮು ಹಿಡಿದರೆ ತಿಳಿಸಿ, ಜಾಸ್ತಿ ದಿನ ತೆಗೆದುಕೊಂಡಾಗ ನರಕ್ಕೆ ತೊಂದರೆ ಆಗಬಹುದು. ಉಸಿರು ಕಟ್ಟಿದರೆ, ಮಾತು ತೊದಲಿದರೆ, ಒಂದು ಕಡೆಯ ಕೈ ಸೋತರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.