ವಿಶೇಷ ಶಿಕ್ಷಕಿ ಆಗಲು ತಾಳ್ಮೆ ಇದ್ದರೆ ಸಾಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಪದವಿ ಮುಗಿಸಿ 6 ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ನಮ್ಮಕ್ಕನ ಮಗನಿಗೆ ಆಟಿಸಂ ಇದೆ. ಅವನ ಜೊತೆ ಆಡುತ್ತಾ, ಕಲಿಸುತ್ತಾ, ಇದನ್ನೇ ವೃತ್ತಿ ಮಾಡಿಕೊಳ್ಳಬೇಕು ಅನ್ನಿಸಿದೆ. ಮನೆಯಲ್ಲಿ ಎಲ್ಲರೂ "ನಿನಗೆ ತಾಳ್ಮೆ ಜಾಸ್ತಿ, ಆರಾಮಾಗಿ ಮಾಡ್ತೀಯ" ಅನ್ನುತ್ತಾರೆ. ತಾಳ್ಮೆ ಇದ್ದರೆ ಸಾಕಾ? ತರಬೇತಿಯಲ್ಲಿ ಅಷ್ಟು ದಿನ ಏನು ಕಲಿಸುತ್ತಾರೆ?

ಉತ್ತರ: ತಾಳ್ಮೆ ಬೇಕೇ ಬೇಕು. ಆದರೆ ಅದೊಂದನ್ನೇ ನಂಬಿ ಬಂದವರು ಬೇಗ ಸುಸ್ತಾಗಿಬಿಡುತ್ತಾರೆ. ಮಗುವಿಗೆ ಏನೋ ಒಂದು ಬರುತ್ತಿಲ್ಲ ಅಂದುಕೊಳ್ಳಿ. ಬರೀ ತಾಳ್ಮೆ ಇರುವವರು ಅದನ್ನೇ, ಅದೇ ರೀತಿಯಲ್ಲಿ, ಇನ್ನೂ ಮೂರು ತಿಂಗಳು ಹೇಳಿಕೊಡುತ್ತಾರೆ. ತರಬೇತಿ ಆದವರು ವಾರದೊಳಗೇ "ನಾನು ಹೇಳಿಕೊಡುವುದರಲ್ಲಿ ಎಲ್ಲಿ ತಪ್ಪುತ್ತಿದೆ" ಅಂತ ಹುಡುಕಲು ಕೂರುತ್ತಾರೆ. ಹಾಗೆ ಹುಡುಕುವ ಕಣ್ಣು ಹುಟ್ಟಿನಿಂದ ಬರುವುದಿಲ್ಲ. ಅದನ್ನು ಕಲಿಯಬೇಕು.

ನನಗೆ ಅದು ಅರ್ಥವಾಗಿದ್ದು ಒಂದು ಸಿಂಕಿನ ಮುಂದೆ. ತರಬೇತಿಯ ಮೊದಲ ತಿಂಗಳು. ಒಬ್ಬ ಹುಡುಗಿಗೆ ಕೈ ತೊಳೆಯುವುದನ್ನು ಕಲಿಸಬೇಕಿತ್ತು. ಕೆಲಸವನ್ನು ಸಣ್ಣಸಣ್ಣ ಹಂತವಾಗಿ ಒಡೆದು ಬರೆದು ತರಲು ಹೇಳಿದ್ದರು. ನಾನು 6 ಹಂತ ಬರೆದೆ. ಮಾರ್ಗದರ್ಶಕಿ ಅದನ್ನು ನೋಡಿ, ನನ್ನನ್ನೇ ಸಿಂಕಿನ ಹತ್ತಿರ ಕರೆದುಕೊಂಡು ಹೋದರು. "ನೀನೇ ತೊಳಿ. ಮಾಡೋದನ್ನೆಲ್ಲ ಬಾಯಲ್ಲಿ ಹೇಳು" ಅಂದರು. 14 ಹಂತ ಆಯಿತು. ಬಟ್ಟೆಯ ತೋಳು ಮಡಚಿಕೊಳ್ಳುವುದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಆ ಹುಡುಗಿ ಅಳುತ್ತಿದ್ದದ್ದು ಅದಕ್ಕೇ! ತೋಳು ಒದ್ದೆಯಾದರೆ ಅವಳಿಗೆ ತಡೆಯಲು ಆಗುತ್ತಿರಲಿಲ್ಲ. ನಲ್ಲಿ ಕಂಡರೇ ಹಿಂದೆ ಸರಿಯುತ್ತಿದ್ದಳು. ಎಲ್ಲರೂ ಅವಳಿಗೆ ನೀರೆಂದರೆ ಭಯ ಅಂದುಕೊಂಡಿದ್ದೆವು.

ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲ್ಲರ್ ಅವರಿಗೆ ಕಲಿಸಿದ ಆನ್ ಸಲಿವನ್ ಬಗ್ಗೆಯೂ ಜನ ಪವಾಡ ಅಂತಲೇ ಮಾತಾಡುತ್ತಾರೆ. ಆಕೆ 1887ರ ಮಾರ್ಚಿನಲ್ಲಿ ಹೆಲೆನ್ ಮನೆಗೆ ಹೋದರು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಕೂತು, ಕಣ್ಣು ಕಿವಿ ಎರಡೂ ಇಲ್ಲದ ಲಾರಾ ಬ್ರಿಜ್‌ಮನ್ ಅವರಿಗೆ ಹಿಂದೆ ಹೇಗೆ ಕಲಿಸಿದ್ದರು ಅನ್ನುವ ದಾಖಲೆಗಳನ್ನು ಓದಿದ್ದರು. ಆಮೇಲೂ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಮೂಡಿಸುತ್ತಾ ಒಂದು ತಿಂಗಳು ಕಳೆಯಿತು. ನೀರಿನ ಪಂಪಿನ ಹತ್ತಿರ ಹೆಲೆನ್‌ಗೆ ಮಾತಿನ ಅರ್ಥ ಹೊಳೆದದ್ದು ಏಪ್ರಿಲ್‌ನಲ್ಲಿ. ಆ ಓದನ್ನು ಯಾರೂ ಹೇಳುವುದಿಲ್ಲ, ಬರೀ ಪಂಪಿನ ಕಥೆ ಹೇಳುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಪಾಠದ ವಿಷಯಗಳಿಗೆ ಬಂದರೆ, ಮಕ್ಕಳ ಬೆಳವಣಿಗೆ, ಬೇರೆಬೇರೆ ಅಂಗವೈಕಲ್ಯಗಳು, ಮಗುವಿಗೆ ಏನು ಬರುತ್ತದೆ ಏನು ಬರುವುದಿಲ್ಲ ಅಂತ ಅಳೆಯುವ ಬಗೆ, ಮಕ್ಕಳ ಹಕ್ಕು ಕಾನೂನು, ಇವೆಲ್ಲ ಇರುತ್ತವೆ. ಓದಿದರೆ ಬರುವಂಥವು. ಕಷ್ಟ ಇರುವುದು ತರಗತಿಯಲ್ಲಿ ನಿಂತು ಕಲಿಸುವ ಅಭ್ಯಾಸದಲ್ಲಿ.

ಅದರಲ್ಲೂ ಸಹಾಯವನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಮಗುವಿನ ಕೈ ಹಿಡಿದು ಜಿಪ್ ಎಳೆಸುವುದು ಸುಲಭ. ಆಮೇಲೆ ಕೈ ಬಿಟ್ಟು ಮಣಿಕಟ್ಟು ಹಿಡಿಯಬೇಕು, ಆಮೇಲೆ ಮೊಣಕೈ ಮುಟ್ಟಿದರೆ ಸಾಕಾಗಬೇಕು, ಕೊನೆಗೆ ಬರೀ ಬೆರಳು ತೋರಿಸಬೇಕು. ಯಾವಾಗ ಬಿಡಬೇಕು ಅನ್ನುವುದು ತಿಳಿಯದೆ, ವರ್ಷಗಟ್ಟಲೆ ಕೈ ಹಿಡಿದೇ ಇರುವವರನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಹಿಡಿದಿರುತ್ತಾರೆ. ಮಗು ಮಾತ್ರ ಕಲಿತಿರುವುದಿಲ್ಲ. ಇನ್ನೊಂದು ವಿಷಯ. ಜಿಪ್ ಹಾಕುವುದನ್ನು ಕೊನೆಯ ಹಂತದಿಂದ ಶುರುಮಾಡಬಹುದು. ಉಳಿದದ್ದೆಲ್ಲ ನಾವು ಮಾಡಿ, ಕೊನೆಯ ಒಂದಿಂಚು ಮಗುವಿಗೆ ಬಿಡುವುದು. ಮೊದಲ ದಿನವೇ "ನಾನೇ ಹಾಕಿದೆ" ಅನ್ನುವ ಮುಖ ನೋಡಬೇಕು ನೀವು!

ಪ್ರಶ್ನೆ (ಅವರದೇ): ತುಂಬಾ ಥ್ಯಾಂಕ್ಸ್ ಮೇಡಂ. ನಮ್ಮ ಹುಡುಗ ಬಾಯಾರಿದಾಗ "ನೀರು ಬೇಕಾ?" ಅಂತ ನಮ್ಮನ್ನೇ ಕೇಳುತ್ತಾನೆ. ಬೇಕು ಅಂತ ಹೇಳು ಅಂತ ತಿದ್ದುತ್ತಲೇ ಇದ್ದೇವೆ. ಹೀಗೆ ತಿದ್ದುವುದು ಸರೀನಾ?

ಉತ್ತರ: ಅವನು ಸರಿಯಾಗೇ ಕೇಳುತ್ತಿದ್ದಾನೆ ಅಲ್ವಾ? ನೀರು ಬರುವ ಮುಂಚೆ ಅವನ ಕಿವಿಗೆ ಬಿದ್ದ ಮಾತು "ನೀರು ಬೇಕಾ?" ಅನ್ನುವುದೇ. ಅದನ್ನೇ ಇಟ್ಟುಕೊಂಡಿದ್ದಾನೆ. ಕೇಳಿದ ಮಾತನ್ನು ಹಾಗೇ ಮರಳಿ ಹೇಳುವುದಕ್ಕೆ ಎಕೋಲೇಲಿಯಾ ಅನ್ನುತ್ತಾರೆ. ಮೊದಲು ಅದನ್ನು ಸುಮ್ನೆ ಗಿಳಿಪಾಠ ಅಂತ ತಳ್ಳಿಹಾಕುತ್ತಿದ್ದರು. ಈಗ ಅದನ್ನೂ ಮಾತು ಅಂತಲೇ ನೋಡುತ್ತೇವೆ. "ಹಾಗಲ್ಲ, ಹೀಗೆ ಹೇಳು" ಅನ್ನಬೇಡಿ. ಅವನ ಪಕ್ಕ ಕೂತು, ಅವನ ಪರವಾಗಿ "ನನಗೆ ನೀರು ಬೇಕು" ಅಂತ ನೀವೇ ಹೇಳಿ ತಕ್ಷಣ ಲೋಟ ಕೊಡಿ. ಆ ಮಾತಿನ ಹಿಂದೆಯೇ ನೀರು ಬರಲಿ.

ಮತ್ತೊಬ್ಬರ ಪ್ರಶ್ನೆ: ನಾನು ಸಾಮಾನ್ಯ ಶಾಲೆಯ ಶಿಕ್ಷಕ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಪೆನ್ಸಿಲ್ ಎಸೆಯುತ್ತಾನೆ. ನನಗೆ ಈ ತರಬೇತಿಯಿಂದ ಉಪಯೋಗ ಇದೆಯಾ?

ಉತ್ತರ: ಖಂಡಿತ ಇದೆ ಸರ್. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಹೊರಡಿಸಿದ ಘೋಷಣೆಯಲ್ಲಿ 92 ಸರ್ಕಾರಗಳು ಒಪ್ಪಿದ್ದು ಇದನ್ನೇ. ವಿಶೇಷ ಅಗತ್ಯ ಇರುವ ಮಕ್ಕಳು ಎಲ್ಲರ ಜೊತೆ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕು. ಹಾಗಾದರೆ ನಿಮ್ಮಂಥವರಿಗೂ ಈ ವಿದ್ಯೆ ಬೇಕೇ ಬೇಕು.

ನಿಮ್ಮ ಹುಡುಗನ ವಿಷಯಕ್ಕೆ ಬರೋಣ. "ಇದ್ದಕ್ಕಿದ್ದಂತೆ" ಅಂದಿರಲ್ಲ, ಅದನ್ನು ಒಂದು ವಾರ ನಂಬಬೇಡಿ. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಎಸೆಯುವ ಮುಂಚೆ ಏನಾಯಿತು, ಏನು ಮಾಡಿದ, ಆಮೇಲೆ ಏನಾಯಿತು. ಪ್ರತಿ ಸಲ ಬರೆಯಿರಿ, ಸಮಯದ ಸಮೇತ. ನಾನು ಇಂಥದ್ದೇ ಹಾಳೆ ಹಿಡಿದು ಒಬ್ಬ ಹುಡುಗನ ಹಿಂದೆ ಐದು ದಿನ ಕೂತಿದ್ದೆ. ಅವನು 11 ಸಲ ಎಸೆದ. ಅದರಲ್ಲಿ 10 ಸಲ ಬೋರ್ಡ್ ನೋಡಿ ಬರೆದುಕೊಳ್ಳುವಾಗ. ಬೋರ್ಡಿನಿಂದ ಪುಸ್ತಕಕ್ಕೆ ಕಣ್ಣು ತಿರುಗಿಸುವಷ್ಟರಲ್ಲಿ ಅವನಿಗೆ ಸಾಲು ತಪ್ಪಿಹೋಗುತ್ತಿತ್ತು. ಎಸೆದ ತಕ್ಷಣ ಹೊರಗೆ ನಿಲ್ಲಿಸುತ್ತಿದ್ದರು. ಅವನಿಗೂ ಅದೇ ಬೇಕಿತ್ತು, ಬರೆಯುವುದು ತಪ್ಪುತ್ತಿತ್ತು. ಬೋರ್ಡಿನಲ್ಲಿ ಇದ್ದದ್ದನ್ನೇ ದೊಡ್ಡಕ್ಷರದಲ್ಲಿ ಹಾಳೆಯಲ್ಲಿ ಬರೆದು ಅವನ ಪುಸ್ತಕದ ಪಕ್ಕ ಇಟ್ಟೆವು. ಕಷ್ಟ ಆದರೆ ಎತ್ತಿ ತೋರಿಸಲು "ಸ್ವಲ್ಪ ನಿಲ್ಲಿಸ್ತೀನಿ" ಅನ್ನುವ ಚೀಟಿ ಕೊಟ್ಟೆವು. ಎರಡನೇ ವಾರದಿಂದ ಎಸೆಯುವುದು ಬಹಳ ಕಡಿಮೆಯಾಯಿತು. ನಿಮ್ಮ ಹುಡುಗನ ಕಾರಣ ಬೇರೆ ಇರಬಹುದು. ಬರೆದು ನೋಡಿದರೆ ಸಿಗುತ್ತದೆ.

ಮತ್ತೊಬ್ಬರ ಪ್ರಶ್ನೆ: ಅಕ್ಕಾ, ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಅಂಗವೈಕಲ್ಯ ಅಂತ ಬೇರೆಬೇರೆ ವಿಭಾಗ ಇರುತ್ತವಂತೆ. ಯಾವುದನ್ನು ತಗೊಳ್ಳಲಿ? ಯಾವುದು ಸುಲಭ?

ಉತ್ತರ: ಸುಲಭ ಅನ್ನುವುದು ಯಾವುದೂ ಇಲ್ಲಮ್ಮ. ಒಂದೊಂದರ ಕೆಲಸ ಒಂದೊಂದು ಥರ. ದೃಷ್ಟಿದೋಷದ ವಿಭಾಗದಲ್ಲಿ ಬ್ರೈಲ್, ಅಂದರೆ ಬೆರಳಿನಿಂದ ಮುಟ್ಟಿ ಓದುವ ಉಬ್ಬು ಚುಕ್ಕಿಗಳ ಲಿಪಿ ಕಲಿಯಬೇಕು. 6 ಚುಕ್ಕಿಗಳಲ್ಲೇ ಇಡೀ ಲಿಪಿ. ಸ್ಲೇಟ್ (ಹಾಳೆ ಸಿಕ್ಕಿಸುವ ಕಿಂಡಿಗಳ ಪಟ್ಟಿ), ಸ್ಟೈಲಸ್ (ಚುಚ್ಚುವ ಕಡ್ಡಿ) ಇಟ್ಟು ಕೈಯಲ್ಲಿ ಚುಚ್ಚುವಾಗ ಬಲದಿಂದ ಎಡಕ್ಕೆ ಬರೆಯಬೇಕು, ಹಾಳೆ ತಿರುವಿ ಎಡದಿಂದ ಬಲಕ್ಕೆ ಓದಬೇಕು. ಮೊದಮೊದಲು ತಲೆ ತಿರುಗುತ್ತದೆ. ಅಕ್ಷರದ ಜೊತೆಗೆ, ಬಿಳಿ ಕೋಲು ಹಿಡಿದು ಓಡಾಡುವ ಅಭ್ಯಾಸದ ಬಗ್ಗೆಯೂ ತಿಳಿದಿರಬೇಕು. ಶ್ರವಣದೋಷದಲ್ಲಿ ಸನ್ನೆ ಭಾಷೆ ಬೇಕು. ಅದು ಬರೀ ಕೈ ಆಡಿಸುವುದಲ್ಲ, ತನ್ನದೇ ವ್ಯಾಕರಣ ಇರುವ ಪೂರ್ತಿ ಭಾಷೆ. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಇಂಗ್ಲಿಷ್ ಆಡಿದರೂ ಅಲ್ಲಿನ ಸನ್ನೆ ಭಾಷೆಗಳು ಬೇರೆಬೇರೆ, ಗೊತ್ತಾ? ಬೌದ್ಧಿಕ ಅಂಗವೈಕಲ್ಯ ಮತ್ತು ಆಟಿಸಂನಲ್ಲಿ ನಾನು ಮೇಲೆ ಹೇಳಿದ ಹಂತ ಒಡೆಯುವ ಕೆಲಸವೇ ಜಾಸ್ತಿ. ಒಂದೊಂದು ವಿಭಾಗದ ತರಗತಿಯಲ್ಲಿ ಒಂದೊಂದು ದಿನ ಪೂರ್ತಿ ಕೂತು ಬನ್ನಿ. ಸಂಜೆ ಯಾವ ಮಗುವಿನ ಬಗ್ಗೆ ಇನ್ನೂ ಯೋಚನೆ ಮಾಡುತ್ತಿರುತ್ತೀರೋ ನೋಡಿ.

ಸೇರುವ ಮುಂಚೆ ಎರಡು ವಿಷಯ ಕೇಳಿ. ನೀವಿರುವ ಕಡೆ ಶಿಕ್ಷಕರಿಗೆ ಪರವಾನಗಿ ಕೊಡುವ ಸಂಸ್ಥೆ ಆ ಕೋರ್ಸನ್ನು ಒಪ್ಪುತ್ತದಾ? ಮಕ್ಕಳ ಜೊತೆ ಎಷ್ಟು ಗಂಟೆ ಅಭ್ಯಾಸ ಇದೆ? ಎರಡನೆಯದಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ.

ಮತ್ತೊಬ್ಬರ ಪ್ರಶ್ನೆ: ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ನನಗೀಗ 38. ಈ ವಯಸ್ಸಿನಲ್ಲಿ ತರಬೇತಿಗೆ ಸೇರಬಹುದಾ? ಅವಳಿಗಾಗಿ ಶಾಲೆಯಲ್ಲಿ ಬರೆದುಕೊಟ್ಟ ಕಲಿಕೆಯ ಯೋಜನೆಯೇ ನನಗೆ ಅರ್ಥ ಆಗುವುದಿಲ್ಲ.

ಉತ್ತರ: ಸೇರಿ ತಾಯಿ. ನನ್ನ ಜೊತೆ ಕಲಿತವರಲ್ಲಿ ನಿಮ್ಮಂಥ ಅಮ್ಮಂದಿರೇ ತುಂಬಾ ಚೆನ್ನಾಗಿ ಗಮನಿಸುತ್ತಿದ್ದರು. ಒಂದೇ ಕಷ್ಟ, ಬೇರೆ ಮಗುವಿನಲ್ಲೂ ತಮ್ಮ ಮಗುವನ್ನೇ ಹುಡುಕುತ್ತಾರೆ. ಅದು ಅಭ್ಯಾಸದಿಂದ ಸರಿಹೋಗುತ್ತದೆ.

ಯೋಜನೆ ಅರ್ಥವಾಗದಿದ್ದರೆ ತಪ್ಪು ನಿಮ್ಮದಲ್ಲ. ಒಂದೊಂದು ಮಗುವಿಗೂ ಹೀಗೆ ಬೇರೆಯಾಗಿ ಯೋಜನೆ ಬರೆಯಬೇಕು ಅನ್ನುವುದನ್ನು 1975ರಲ್ಲಿ ಅಮೆರಿಕದ ಕಾನೂನು ಕಡ್ಡಾಯ ಮಾಡಿತು. ಅದನ್ನು ಮಾಡುವಾಗ ತಂದೆತಾಯಿಯೂ ಕೂತಿರಬೇಕು ಅಂತ ಅದರಲ್ಲೇ ಇದೆ. "ಓದಿನಲ್ಲಿ ಸುಧಾರಣೆ ತರುವುದು" ಅಂತ ಬರೆದಿದ್ದರೆ ಅದು ಯೋಜನೆಯೇ ಅಲ್ಲ. "ಚಿತ್ರದ ಜೊತೆ ತೋರಿಸಿದ 10 ಪದಗಳಲ್ಲಿ 8ನ್ನು, ಸಹಾಯ ಇಲ್ಲದೆ, ಮೂರು ದಿನ ಸತತವಾಗಿ ಓದುತ್ತಾಳೆ" ಅಂತಿರಬೇಕು. ಆಗ ಆಯಿತೋ ಇಲ್ಲವೋ ಅಂತ ನಿಮಗೂ ಗೊತ್ತಾಗುತ್ತದೆ. ನಾಳೆ ಆ ಹಾಳೆ ತೆಗೆದುಕೊಂಡು ಶಾಲೆಗೆ ಹೋಗಿ. ಒಂದೊಂದು ಸಾಲಿಗೂ "ಇದು ಆಯಿತು ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿ. ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ, ಒಟ್ಟಿಗೆ ಕೂತು ನೋಡೋಣ.