ಅಪ್‌ಡೇಟ್: ಗೀಸರ್ ಬಂತು, ಹಂಡೆ ಹೋಗಲಿಲ್ಲ

ಮೇ ತಿಂಗಳಲ್ಲಿ ಕೇಳಿದ್ದೆ: ಮಲ್ಪೆ ಹತ್ತಿರದ ನಮ್ಮ ಮನೆಗೆ ಸ್ನಾನದ ನೀರು ಕಾಯಿಸಲು ಸೋಲಾರ್ ಒಳ್ಳೆಯದಾ, ಗೀಸರಾ, ಹೀಟ್ ಪಂಪಾ, ಇಲ್ಲ ಬಚ್ಚಲಿನ ಹಂಡೆಯೇ ಸಾಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸೋಲಾರ್ ಬಿಟ್ಟೆವು. ನಮ್ಮದು ಹಂಚಿನ ಮಾಡು, ಮೇಲೆ ತೆಂಗಿನ ಮರಗಳ ನೆರಳು. ಬಿಸಿನೀರು ಜಾಸ್ತಿ ಬೇಕಾಗುವುದೇ ಮಳೆಗಾಲದಲ್ಲಿ, ಆಗ ಬಿಸಿಲೆಲ್ಲಿ? ಹೀಟ್ ಪಂಪ್ ಗಾಳಿಯ ಬಿಸಿಯನ್ನೇ ಎಳೆದು ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ. ನಮ್ಮ ಸೆಕೆಯ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಬೆಲೆ ಕೇಳಿ ಸುಮ್ನೆ ಮನೆಗೆ ಬಂದೆ. ಮೂರು ಜನಕ್ಕೆ ಅಷ್ಟೆಲ್ಲ ಯಾಕೆ, ಅಲ್ವಾ?

ಕೊನೆಗೆ 25 ಲೀಟರ್, 2000 ವ್ಯಾಟಿನ ಗೀಸರ್ ಹಾಕಿಸಿದೆ. ಲೆಕ್ಕ ಹಾಕಿದೆ: 27 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಅರ್ಧ ಗಂಟೆ, ಸುಮಾರು ಒಂದು ಯೂನಿಟ್. ನಾನು 50ಕ್ಕೆ ಇಟ್ಟಿದ್ದೇನೆ, ಇಲ್ಲಿಗೆ ಅದೇ ಜಾಸ್ತಿ.

ಒಂದು ಎಡವಟ್ಟೂ ಆಯಿತು. ಫಿಟ್ಟಿಂಗಿಗೆ ಬಂದವನು ಅರ್ತಿಂಗ್ ಇಲ್ಲದ ಹಳೆ ಪಾಯಿಂಟಿಗೇ ಸಿಕ್ಕಿಸಿ ಹೋಗಿದ್ದ. ನಲ್ಲಿ ಮುಟ್ಟಿದರೆ ಕೈ ಜುಂ ಅಂತಿತ್ತು! ಬೇರೆ 16 ಆಂಪಿಯರ್ ಪಾಯಿಂಟ್ ಎಳೆಸಿ, ಅರ್ತಿಂಗ್ ಮಾಡಿಸಿದೆ. ಗೀಸರಿನಲ್ಲಿದ್ದ ದೋಷವನ್ನೂ ರಿಪೇರಿ ಮಾಡಿಸಿದ ಮೇಲೆಯೇ ಮತ್ತೆ ಸ್ವಿಚ್ ಹಾಕಿದ್ದು.

ಅಮ್ಮ ಮಾತ್ರ ಗೀಸರಿನ ನೀರು ಮುಟ್ಟುವುದಿಲ್ಲ. "ಅದಕ್ಕೆ ಹೊಗೆಯ ಪರಿಮಳವೇ ಇಲ್ಲ ಮಾರಾಯ" ಅನ್ನುತ್ತಾರೆ. ಹಿತ್ತಲಿನ ಮಡಲು, ತೆಂಗಿನ ಸಿಪ್ಪೆ ಒಲೆಗೆ ತುರುಕಿ ಹಂಡೆಯಲ್ಲೇ ಕಾಯಿಸುತ್ತಾರೆ. ಮಳೆಗೆ ಒದ್ದೆಯಾದ ನನ್ನ ಪ್ಯಾಂಟೂ ಈಗ ಅದೇ ಒಲೆಯ ಹತ್ತಿರದ ಹಗ್ಗದಲ್ಲಿ ಒಣಗುತ್ತಿದೆ.